ಗುಳೆ ಹೋದವರ ಲೆಕ್ಕ

'ಸೊಲ್ಲಾಪುರ ಮುಟ್ಟಿದಾವ ಬದಕ್ತಾನ' ಎಂದು ನಮ್ಮ ಅಬ್ಬೆತುಮಕೂರಿನ ಹಿರಿಯರು ಹೇಳುತ್ತಿದ್ದರು. ಎಪ್ಪತ್ತರ ದಶಕದ ಕೊನೆಯ ಮಾತಿದು. ದೊಡ್ಡ ಬ್ಯಾನಿ ಬಂದರೆ ಮೊದಲು ಯಾದಗಿರಿಯ ಸರ್ಕಾರಿ ದವಾಖಾನಿ. ಅಲ್ಲಿ ನೀಗದಿದ್ದರೆ ಗುಲಬರ್ಗಾ. ಅದೂ ಮುಗಿದರೆ ರೈಲು ಹತ್ತಿ ಸೊಲ್ಲಾಪುರ. ಹೋಗಿ ಬಂದವರಲ್ಲಿ ಬಹಳಷ್ಟು ಜನ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಹೋಗದೆ ಉಳಿದವರಲ್ಲಿ ಬಹಳಷ್ಟು ಜನ ಮಣ್ಣು ಸೇರಿದ್ದರು. ಊರವರು ಸುಳ್ಳು ಹೇಳುತ್ತಿರಲಿಲ್ಲ, ಕಂಡದ್ದನ್ನೇ ಹೇಳುತ್ತಿದ್ದರು.

ಆದರೆ ಸೊಲ್ಲಾಪುರ ಮುಟ್ಟುವುದು ಒಂದೇ ದಿನದ ಕೆಲಸವಾಗಿರಲಿಲ್ಲ. ತೊಗರಿ ರಾಶಿ ಆಗುವ ತನಕ ಕಾಯಬೇಕು, ಇಲ್ಲವೇ ಎತ್ತು ಮಾರಬೇಕು, ಇಲ್ಲವೇ ಸಾವಕಾರನ ಹತ್ತಿರ ಹೊಲ ಒತ್ತಿ ಇಡಬೇಕು. ದವಾಖಾನಿಯ ಓಡಾಟ ಬಲ್ಲ ಒಬ್ಬ ಗಂಡಸು ಜೊತೆಗೆ ಸಿಗಬೇಕು. ಇಷ್ಟೆಲ್ಲ ಕೂಡಿ ಬರುವ ಹೊತ್ತಿಗೆ ತಿಂಗಳು, ಎರಡು ತಿಂಗಳು. ಆ ನಡುವೆ ಸತ್ತವರೆಲ್ಲ 'ಹೋಗಲಿಲ್ಲ' ಎಂಬ ಗುಂಪಿಗೆ ಸೇರಿದರು. ಹೋದವರ ಗುಂಪಿನಲ್ಲಿ ಆ ಎರಡು ತಿಂಗಳು ಯಾರೂ ಸಾಯುವ ಹಾಗೇ ಇರಲಿಲ್ಲ, ಏಕೆಂದರೆ ಸತ್ತಿದ್ದರೆ ಅವರು ಹೋದವರೇ ಆಗುತ್ತಿರಲಿಲ್ಲ. ಅಲ್ಲಿನ ವೈದ್ಯರು ಬರೀ ನೀರು ಕೊಟ್ಟು ಕಳಿಸಿದ್ದರೂ ಈ ಲೆಕ್ಕದಲ್ಲಿ ಸೊಲ್ಲಾಪುರವೇ ಗೆಲ್ಲುತ್ತಿತ್ತು. ಜೊತೆಗೆ ಎತ್ತು ಇದ್ದವನೇ ಎತ್ತು ಮಾರಬಲ್ಲ. ಅವನ ಮನೆಯಲ್ಲಿ ರೊಟ್ಟಿಗೂ ಹಾಲಿಗೂ ಕೊರತೆ ಕಡಿಮೆ.

ಇದನ್ನು ತಿಳಿಯದವರು ನಮ್ಮೂರವರು ಮಾತ್ರ ಎಂದುಕೊಳ್ಳಬೇಕಿಲ್ಲ. ಹತ್ತೊಂಬತ್ತನೇ ಶತಮಾನದಲ್ಲೇ ಇಂಗ್ಲೆಂಡಿನ ವಿಲಿಯಂ ಫಾರ್, ಸೇನೆಯ ಜನರಲ್‌ಗಳು ಮುಪ್ಪಿನಲ್ಲಿ ಸಾಯುತ್ತಾರೆ, ಕೆಳಗಿನ ಅಧಿಕಾರಿಗಳು ಎಳೆಯ ವಯಸ್ಸಿನಲ್ಲಿ ಸಾಯುತ್ತಾರೆ ಎಂಬ ಹೋಲಿಕೆಯ ಮೋಸವನ್ನು ಬಿಡಿಸಿ ತೋರಿಸಿದ್ದ. ಜನರಲ್ ಆಗಬೇಕಾದರೆ ಮೊದಲು ಅಷ್ಟು ವರ್ಷ ಬದುಕಿರಬೇಕು. ಆದರೂ 1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವೈದ್ಯರು ಹೃದಯ ಕಸಿ ಮಾಡಿಸಿಕೊಂಡವರು ಮಾಡಿಸಿಕೊಳ್ಳದವರಿಗಿಂತ ಹೆಚ್ಚು ಕಾಲ ಬದುಕಿದರು ಎಂದು ಬರೆದರು. ಕಸಿಗೆ ದಾನಿಯ ಹೃದಯ ಸಿಗುವವರೆಗೆ ಕಾಯಬೇಕಿತ್ತು, ಕಾಯುತ್ತ ಸತ್ತವರು ಇನ್ನೊಂದು ಗುಂಪಿನಲ್ಲಿದ್ದರು. ಮರುವರ್ಷವೇ ಮಿಚೆಲ್ ಗೇಲ್ ಎಂಬ ಸಂಖ್ಯಾಶಾಸ್ತ್ರಜ್ಞ ಆ ತಪ್ಪನ್ನು ಎತ್ತಿ ತೋರಿಸಿದರು. ಸ್ಟ್ಯಾನ್‌ಫರ್ಡ್‌ನ ಲೆಕ್ಕವೂ ನಮ್ಮ ಕಟ್ಟೆಯ ಲೆಕ್ಕವೂ ಒಂದೇ ಜಾಗದಲ್ಲಿ ಎಡವಿದ್ದವು. ಎರಡೂ ಕಡೆ ಎಂದಿನಿಂದ ಎಣಿಸಬೇಕು ಎಂದು ಯಾರೂ ಕೇಳಿರಲಿಲ್ಲ.

ಎಣಿಕೆ ಶುರುವಾಗಬೇಕಾದರೆ ತಾರೀಖು ಬೇಕು. ಆಗ ನಮ್ಮಲ್ಲಿ ತಾರೀಖುಗಳೇ ಇರಲಿಲ್ಲ. ಮುತ್ಯಾನ ವಯಸ್ಸು ಕೇಳಿದರೆ, 'ರಜಾಕಾರರ ಗದ್ದಲದಾಗ ನಾ ಎತ್ತು ಹೊಡೀತಿದ್ದೆ ತಮ್ಮಾ' ಎಂಬ ಉತ್ತರ. ಅದು 1948. ಚಿಕ್ಕವರಾದರೆ 1972ರ ಬರದ ಹಿಂದೆ ಹುಟ್ಟಿದವರು, ಮುಂದೆ ಹುಟ್ಟಿದವರು ಎಂದು ಎರಡು ಪಾಲು. ಜನನ ಮರಣ ನೋಂದಣಿಯ ಕಾಯ್ದೆ 1969ರಲ್ಲೇ ಬಂದಿತ್ತು, ಊರಿನ ಮನೆಗಳ ಒಳಗೆ ಬರಲು ಅದಕ್ಕೆ ಬಹಳ ವರ್ಷ ಹಿಡಿಯಿತು. ನನ್ನ ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1. ನನ್ನ ತರಗತಿಯ ಅರ್ಧಕ್ಕಿಂತ ಹೆಚ್ಚು ಹುಡುಗರೂ ಅದೇ ದಿನ ಹುಟ್ಟಿದ್ದರು. ಶಾಲೆ ತೆರೆಯುವ ದಿನಕ್ಕೆ ವಯಸ್ಸು ಸರಿಹೊಂದಲಿ ಎಂದು ಮಾಸ್ತರರು ಹಾಗೆ ಬರೆದುಕೊಳ್ಳುತ್ತಿದ್ದರು. ಈಗ ಹೆರಿಗೆ ದವಾಖಾನಿಯಲ್ಲೇ ಆಗುತ್ತದೆ, ಆಶಾ ಕಾರ್ಯಕರ್ತೆ ಬಸುರಿಯ ಬೆನ್ನು ಬಿದ್ದಿರುತ್ತಾಳೆ, ತಾಯಿ ಕಾರ್ಡಿದೆ, ಮಗುವಿನ ಜನನ ಪತ್ರ ಕಂಪ್ಯೂಟರಿನಿಂದ ಬರುತ್ತದೆ. ಮಕ್ಕಳ ಮಟ್ಟಿಗೆ ಈ ಗಂಟು ಬಿಚ್ಚಿದೆ. ಮುದುಕರ ಆಧಾರ್ ಕಾರ್ಡಿನಲ್ಲಿ ಮಾತ್ರ ಇನ್ನೂ ಜನವರಿ 1ರ ಸಾಲುಗಳೇ.

ಆಗಿನ ದೊಡ್ಡ ಬ್ಯಾನಿ ಎಂದರೆ ಕ್ಷಯ. ನಮ್ಮ ಸಣ್ಣಕಾಕಾನಿಗೂ ಬಂದಿತ್ತು. ಕಫದಲ್ಲಿ ರಕ್ತ ಕಂಡ ಮೇಲೆ ಆಯಿ ಮಠಕ್ಕೆ ಹರಕೆ ಹೊತ್ತಳು. ನಮ್ಮೂರನ್ನು ಹೊರಗಿನವರು ಗುರುತಿಸುವುದೇ ವಿಶ್ವಾರಾಧ್ಯರ ಸಿದ್ಧ ಸಂಸ್ಥಾನ ಮಠದಿಂದ, ಊರಿನವರಿಗೆ ಅದು ದಿನದ ಬಾಳಿನ ಭಾಗ. ಅಪ್ಪ ಹೊಲ ಒತ್ತಿ ಹಾಕಿ ತಮ್ಮನನ್ನು ಸೊಲ್ಲಾಪುರಕ್ಕೆ ಕರೆದೊಯ್ದ. ಬಂದ ಮೇಲೆ ಯಾದಗಿರಿ ದವಾಖಾನಿಯಲ್ಲಿ ಸ್ಟ್ರೆಪ್ಟೊಮೈಸಿನ್ ಸೂಜಿ, ಜೊತೆಗೆ ಗುಳಿಗಿ. ವರ್ಷಕ್ಕಿಂತ ಹೆಚ್ಚು ಕಾಲ ತಪ್ಪದೆ ತಿನ್ನಬೇಕಿದ್ದ ಗುಳಿಗಿಯನ್ನು ಸಣ್ಣಕಾಕಾ ಅರ್ಧಕ್ಕೇ ಬಿಟ್ಟು ಮುಂಬಯಿಗೆ ಗುಳೆ ಹೋದ. ದವಾಖಾನಿಯ ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ಡಿಫಾಲ್ಟರ್' ಎಂದು ಬಿತ್ತು. ಅವನು ಸಾಯಲಿಲ್ಲ. ಮುಂಬಯಿಯಲ್ಲಿ ಹಲವು ವರ್ಷ ದುಡಿದು, ಊರಿಗೆ ಬಂದು, ಮಕ್ಕಳ ಮದುವೆ ಮಾಡಿ, ಮುಪ್ಪಿನಲ್ಲಿ ಬೇರೆ ಕಾಯಿಲೆಯಿಂದ ತೀರಿಕೊಂಡ.

ಅವನನ್ನು ಉಳಿಸಿದ್ದು ಯಾವುದು ಎಂಬ ಜಗಳ ನಮ್ಮ ಮನೆಯಲ್ಲಿ ಬಹಳ ಕಾಲ ನಡೆಯಿತು. ಆಯಿಯ ಪ್ರಕಾರ ಗದ್ದುಗೆಯ ಬೂದಿ. ಅಪ್ಪನ ಪ್ರಕಾರ ಸೊಲ್ಲಾಪುರದ ಡಾಕ್ಟರು. 'ಏ, ನಮ್ಮ ಸೂಜಿ ಬಿಟ್ರ ಏನ್ ಇತ್ತೋ ಅಲ್ಲಿ' ಎಂದು ದವಾಖಾನಿಯ ಕಂಪೌಂಡರ್. ಮೂವರೂ ಒಬ್ಬನೇ ಮನುಷ್ಯನನ್ನು ತೋರಿಸಿ ಮಾತಾಡುತ್ತಿದ್ದರು. ಬೂದಿ ಹಚ್ಚದ ಸಣ್ಣಕಾಕಾ, ಸೂಜಿ ಚುಚ್ಚಿಸಿಕೊಳ್ಳದ ಸಣ್ಣಕಾಕಾ ಯಾರಿಗೂ ಕಾಣಲಿಲ್ಲ, ಕಾಣುವ ಹಾಗೂ ಇರಲಿಲ್ಲ. ಒಬ್ಬನ ಬಾಳಿನಲ್ಲಿ ಆದದ್ದು ಒಂದೇ ಇರುತ್ತದೆ, ಆಗದೆ ಉಳಿದದ್ದು ಇರುವುದಿಲ್ಲ. ಎರಡನ್ನೂ ಒಟ್ಟಿಗಿಟ್ಟು ನೋಡಲಾಗದು ಎಂಬ ಈ ಕಷ್ಟವನ್ನು 1923ರಲ್ಲಿ ಯೆಜಿ ನೇಮನ್ ಹೊಲದ ಬೆಳೆಯ ಪ್ರಯೋಗಗಳಿಗಾಗಿ ಬರೆದಿಟ್ಟರು, 1974ರಲ್ಲಿ ಡೊನಾಲ್ಡ್ ರೂಬಿನ್ ಪ್ರಯೋಗವಿಲ್ಲದ ಕಡೆಗೂ ಅದನ್ನು ವಿಸ್ತರಿಸಿದರು. ಒಬ್ಬನಲ್ಲಿ ಕಾಣದ್ದನ್ನು ಗುಂಪಿನಲ್ಲಿ ಹುಡುಕಬೇಕು, ಹುಡುಕುವ ಗುಂಪುಗಳು ಮಾತ್ರ ಒಂದಕ್ಕೊಂದು ಸರಿಸಾಟಿ ಇರಬೇಕು ಎಂಬುದೇ ಆ ಬರಹಗಳ ಸಾರ.

ಚಿಕಿತ್ಸೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಕರ್ನಾಟಕದಲ್ಲೇ ಇತ್ತು. 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಮನೆಮನೆಗೂ ಮತ್ತೆ ಮತ್ತೆ ಹೋಗಿ ಕಫ ಪರೀಕ್ಷೆ ಮಾಡಿತು. ಆ ಹಳ್ಳಿಗಳಿಗೆ ಆಗ ವ್ಯವಸ್ಥಿತ ಚಿಕಿತ್ಸೆ ತಲುಪಿರಲಿಲ್ಲ. ಇಂದಿನ ಯಾವ ನೀತಿ ಸಮಿತಿಯೂ ಇಂಥ ಅಧ್ಯಯನವನ್ನು ಒಪ್ಪಲಾರದು. ಕಫದಲ್ಲಿ ರೋಗಾಣು ಇದ್ದವರಲ್ಲಿ ಐದು ವರ್ಷದ ಕೊನೆಗೆ ಹತ್ತಿರ ಹತ್ತಿರ ಅರ್ಧದಷ್ಟು ಜನ ಸತ್ತಿದ್ದರು. ಐದರಲ್ಲಿ ಒಂದು ಪಾಲಿಗಿಂತ ತುಸು ಕಡಿಮೆ ಜನ ರೋಗ ಹೊತ್ತುಕೊಂಡೇ ಇದ್ದರು. ಉಳಿದ ಮೂರನೇ ಒಂದು ಪಾಲು ಜನರ ಕಫದಲ್ಲಿ ರೋಗಾಣು ಇರಲಿಲ್ಲ, ಅವರು ತಾವಾಗಿಯೇ ಗುಣವಾಗಿದ್ದರು.

ಈ ಮೂರನೇ ಒಂದು ಪಾಲನ್ನು ಓದಿದಾಗ ನಮ್ಮ ಮನೆಯ ಜಗಳಕ್ಕೆ ಅಂತ್ಯ ಯಾಕಿರಲಿಲ್ಲ ಎಂದು ಗೊತ್ತಾಯಿತು. ಏನೂ ಮಾಡದಿದ್ದರೂ ಮೂವರಲ್ಲಿ ಒಬ್ಬ ಗುಣವಾಗುವ ರೋಗದಲ್ಲಿ ಬೂದಿಗೂ, ನಾಟಿ ಬೇರಿಗೂ, ಅರ್ಧಕ್ಕೆ ಬಿಟ್ಟ ಸೂಜಿಗೂ ಸಾಕ್ಷಿ ಹೇಳುವವರು ಊರೂರಲ್ಲಿ ಸಿಗುತ್ತಾರೆ. ಔಷಧಿ ಕೆಲಸ ಮಾಡಿತೆಂದು ಹೇಳಬೇಕಾದರೆ ಅದು ಈ ಮೂರನೇ ಒಂದನ್ನು ದಾಟಿರಬೇಕು, ಮೊದಲೇ ಗಟ್ಟಿಯಿದ್ದವರನ್ನು ಆಯ್ದುಕೊಂಡು ದಾಟಿರಬಾರದು. ಅದಕ್ಕೆ ನೇರ ದಾರಿ ಚೀಟಿ ಎತ್ತುವುದು. 1956ರಲ್ಲಿ ಮದ್ರಾಸಿನಲ್ಲಿ ಹಾಗೇ ಮಾಡಿದರು. 193 ಕ್ಷಯರೋಗಿಗಳನ್ನು ಚೀಟಿಯ ಮೇಲೆ ಎರಡು ಪಾಲು ಮಾಡಿ ಒಂದು ಪಾಲನ್ನು ಸ್ಯಾನಟೋರಿಯಮ್ಮಿಗೆ, ಇನ್ನೊಂದನ್ನು ಗುಳಿಗಿ ಕೊಟ್ಟು ಅವರವರ ಬಡ ಮನೆಗಳಿಗೇ ಕಳಿಸಿದರು. ಮನೆಯಲ್ಲಿ ಉಳಿದವರೂ ಹತ್ತಿರ ಹತ್ತಿರ ಅಷ್ಟೇ ಚೆನ್ನಾಗಿ ಗುಣವಾದರು. ಒಳ್ಳೆಯ ಗಾಳಿ, ಮಂಚ, ಹಾಲು, ಮೊಟ್ಟೆಯ ಹೆಸರಿನಲ್ಲಿ ಸ್ಯಾನಟೋರಿಯಂಗಳು ದಶಕಗಳ ಕಾಲ ಗಳಿಸಿದ್ದ ಕೀರ್ತಿ ಒಂದು ಪ್ರಯೋಗದಲ್ಲಿ ಇಳಿಯಿತು.

ನಾನು ಸಂಖ್ಯಾಶಾಸ್ತ್ರ ಓದಲು ಕಲಬುರಗಿಗೆ ಹೋದಾಗ ಇದ್ಯಾವುದೂ ಪಾಠದಲ್ಲಿರಲಿಲ್ಲ. ಪಾಠದಲ್ಲಿದ್ದದ್ದು ಅಮೆರಿಕದ ರಕ್ತ ಕ್ಯಾನ್ಸರಿನ 42 ರೋಗಿಗಳು, 21 ಮಂದಿಗೆ ಔಷಧಿ, 21 ಮಂದಿಗೆ ಹುಸಿಗುಳಿಗಿ. ಎಲ್ಲ ಪುಸ್ತಕದಲ್ಲೂ ಅವರೇ. 1958ರಲ್ಲಿ ಕ್ಯಾಪ್ಲನ್ ಮತ್ತು ಮಯರ್ ಹೇಳಿಕೊಟ್ಟ ರೀತಿಯಲ್ಲಿ, ಒಬ್ಬೊಬ್ಬರಿಗೆ ರೋಗ ಮರುಕಳಿಸಿದ ವಾರಕ್ಕೂ ಮರುಕಳಿಸದೆ ಎಷ್ಟು ಜನ ಉಳಿದಿದ್ದರು, ಎಷ್ಟು ಜನರಿಗೆ ಮರುಕಳಿಸಿತು ಎಂದು ಭಾಗಿಸಿ, ಗುಣಿಸಿ, ಗ್ರಾಫ್ ಹಾಳೆಯ ಮೇಲೆ ಇಳಿಯುವ ಮೆಟ್ಟಿಲು ಬರೆಯುತ್ತಿದ್ದೆವು. ಅದಾದ ಮೇಲೆ ಡೇವಿಡ್ ಕಾಕ್ಸ್. ವಯಸ್ಸು, ಲಿಂಗ, ಔಷಧಿ ಒಂದೊಂದೂ ಸಾವಿನ ವೇಗವನ್ನು ಎಷ್ಟು ಪಟ್ಟು ಏರಿಸುತ್ತದೆ, ಇಳಿಸುತ್ತದೆ ಎಂದು ಬಿಡಿಸಿ ಹೇಳುವ ಅವರ ಸೂತ್ರ ಬಂದದ್ದು 1972ರಲ್ಲಿ. ನಮ್ಮ ಮುತ್ಯಾ ಕಾಲವನ್ನು ಎರಡಾಗಿ ಸೀಳುತ್ತಿದ್ದ ಬರದ ವರ್ಷದಲ್ಲೇ.

ಆ ಲೆಕ್ಕದಲ್ಲಿ ನಮ್ಮ ಕಡೆಯವರೂ ಒಬ್ಬರಿದ್ದಾರೆ. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ 1948ರಲ್ಲಿ ಸ್ಕೋರ್ ಪರೀಕ್ಷೆ ಎಂಬುದನ್ನು ಕೊಟ್ಟರು. ಎರಡು ಗುಂಪುಗಳ ಬದುಕಿನ ಮೆಟ್ಟಿಲುಗಳು ಬೇರೆಯೋ ಒಂದೆಯೋ ಎಂದು ನೋಡುವ ಲಾಗ್‌ರ‍್ಯಾಂಕ್ ಪರೀಕ್ಷೆ, ಕಾಕ್ಸ್ ಸೂತ್ರದೊಳಗೆ ರಾವ್ ಅವರ ಸ್ಕೋರ್ ಪರೀಕ್ಷೆಯೇ. ಈಗ ಕಾಕ್ಸ್ ಲೆಕ್ಕ ಮಾಡಿದರೆ ಹಲವು ಕಂಪ್ಯೂಟರ್ ಪ್ಯಾಕೇಜುಗಳ ಉತ್ತರದಲ್ಲಿ ಆ ಸ್ಕೋರ್ ಕಾಣುತ್ತದೆ. ನಮ್ಮ ಮೇಷ್ಟ್ರು ಈ ಸಂಗತಿ ಹೇಳಲಿಲ್ಲ. ಹಡಗಲಿಗೂ ಸಾವಿನ ಲೆಕ್ಕಕ್ಕೂ ಇದ್ದ ಈ ನಂಟು ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ.

ಆ ಪಾಠದಲ್ಲಿ ಒಂದು ಷರತ್ತಿತ್ತು, ಅರ್ಧ ಸಾಲಿನದು. ಅಧ್ಯಯನದಿಂದ ನಡುವೆ ಬಿಟ್ಟುಹೋದವರನ್ನು ಬಿಟ್ಟುಹೋದ ದಿನದವರೆಗೆ ಮಾತ್ರ ಎಣಿಸಿ. ಆದರೆ ಅವರಿಗೂ ಉಳಿದವರಿಗೂ ಸಾಯುವ ಸಂಭವ ಒಂದೇ ಎಂದು ಇಟ್ಟುಕೊಳ್ಳಿ. ಅಮೆರಿಕದ 42 ರೋಗಿಗಳ ವಿಷಯದಲ್ಲಿ ಯಾರೂ ಅದನ್ನು ಪ್ರಶ್ನಿಸಲಿಲ್ಲ. ಆರೋಗ್ಯ ಅಧ್ಯಯನಗಳ ಕೆಲಸಕ್ಕೆ ಸೇರಿ ಯಾದಗಿರಿ ಕಡೆಯ ರಿಜಿಸ್ಟರುಗಳನ್ನು ಬಿಚ್ಚಿದಾಗ ಇಡೀ ಕಷ್ಟ ಆ ಅರ್ಧ ಸಾಲಿನಲ್ಲೇ ಕೂತಿತ್ತು. ನಮ್ಮ ಕಡೆ ಬಿಟ್ಟುಹೋಗುವುದಕ್ಕೆ ಒಂದೇ ಹೆಸರು, ಗುಳೆ.

ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಲ್ಲಿ ರಾಶಿ ಮುಗಿದ ಮೇಲೆ ಬಸ್ಸುಗಳೂ ರೈಲುಗಳೂ ತುಂಬಿ ಹೋಗುತ್ತವೆ. ಆಗ ಮುಂಬಯಿ, ಪುಣೆ, ಹೈದರಾಬಾದು. ಈಗ ಹೆಚ್ಚಾಗಿ ಬೆಂಗಳೂರಿನ ಕಟ್ಟಡದ ಕೆಲಸ. ರಿಜಿಸ್ಟರಿನಲ್ಲಿ 'ಊರು ಬಿಟ್ಟಿದ್ದಾರೆ' ಎಂಬ ಒಂದೇ ಟಿಪ್ಪಣಿ. ಆದರೆ ಹೋಗುವವರು ಯಾರು? ಕೆಮ್ಮು ಇಳಿದು, ಹೊಟ್ಟೆ ಹಸಿಯಲು ಶುರುವಾಗಿ, ಸಿಮೆಂಟು ಚೀಲ ಎತ್ತಬಲ್ಲೆ ಅನ್ನಿಸಿದವರು. ಎದ್ದು ನಡೆಯಲಾಗದವರು ಹೋಗುವುದಿಲ್ಲ. ಹೀಗಾಗಿ ಊರಲ್ಲಿ ಉಳಿದವರನ್ನೇ ಎಣಿಸಿದರೆ ಚಿಕಿತ್ಸೆ ಇದ್ದದ್ದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಇದರ ತಿರುವೂ ಇದೆ. ಬೆಂಗಳೂರಿನ ಶೆಡ್ಡಿನಲ್ಲಿ ಬ್ಯಾನಿ ಬಿದ್ದವ ಸಾಯಲು ಊರಿಗೆ ಬರುತ್ತಾನೆ. 'ಸತ್ರ ನಮ್ಮ ಹೊಲದಾಗ ಸಾಯಬೇಕು' ಎಂಬುದು ನಮ್ಮಲ್ಲಿ ಬರೀ ಮಾತಲ್ಲ. ಅವನ ರೋಗ, ಅವನ ದುಡಿಮೆ, ಅವನ ಅರ್ಧ ಚಿಕಿತ್ಸೆ ಎಲ್ಲ ಬೆಂಗಳೂರಿನದು, ಸಾವು ಮಾತ್ರ ಯಾದಗಿರಿ ಜಿಲ್ಲೆಯ ಲೆಕ್ಕಕ್ಕೆ. ಗಟ್ಟಿಯಿದ್ದವರು ಲೆಕ್ಕದಿಂದ ಹೊರಗೆ, ಸೋತವರು ಲೆಕ್ಕದ ಒಳಗೆ.

ಇದಕ್ಕೊಂದು ಉಪಾಯವನ್ನು 2000ದಲ್ಲಿ ಜೇಮ್ಸ್ ರಾಬಿನ್ಸ್ ಮತ್ತು ಡಯಾನ್ ಫಿಂಕೆಲ್‌ಸ್ಟೈನ್ ಬರೆದರು. ಏಡ್ಸ್ ಔಷಧಿಯ ಪ್ರಯೋಗವೊಂದರಲ್ಲಿ ನಡುವೆ ಬಿಟ್ಟುಹೋದವರಿಗಾಗಿ ಮಾಡಿದ ಲೆಕ್ಕವದು. ಗಣಿತ ದೊಡ್ಡದು, ಒಳಗಿನ ವಿಚಾರ ಸರಳ. ವಯಸ್ಸು, ತೂಕ, ಹೊಲ, ಕಫ ಪರೀಕ್ಷೆಯ ಫಲಿತಾಂಶ ಒಂದೇ ತೆರನಾಗಿರುವ ಹತ್ತು ತರುಣರು ಇದ್ದಾರೆ ಎಂದುಕೊಳ್ಳಿ. ಆರು ಜನ ಗುಳೆ ಹೋದರು, ನಾಲ್ವರು ಉಳಿದರು. ಉಳಿದ ನಾಲ್ವರಲ್ಲಿ ಒಬ್ಬೊಬ್ಬನನ್ನೂ ಎರಡೂವರೆ ಮಂದಿ ಎಂದು ಎಣಿಸಿ. ಹತ್ತರ ಗುಂಪು ಮತ್ತೆ ತುಂಬುತ್ತದೆ. ಉಳಿಯುವ ಸಂಭವ ಎಷ್ಟು ಕಡಿಮೆಯೋ ಉಳಿದವನ ತೂಕ ಅಷ್ಟು ಹೆಚ್ಚು. ಹೀಗೆ ಪ್ರತಿ ತಿಂಗಳೂ ಲೆಕ್ಕ ಹಾಕುತ್ತ ಹೋದರೆ ಯಾರೂ ಬಿಟ್ಟುಹೋಗದಿದ್ದ ಊರೊಂದು ಹಾಳೆಯ ಮೇಲೆ ಎದ್ದು ನಿಲ್ಲುತ್ತದೆ.

ಆದರೆ ಇದು ನಡೆಯಲು ಎರಡು ಸಂಗತಿ ಬೇಕು. ಒಂದು, ಯಾಕೆ ಹೋದ ಎಂಬುದರ ಕಾರಣಗಳು ನಮ್ಮ ಬಳಿ ಬರೆದಿರಬೇಕು. ತೂಕ ಬರೆದು ಸಾಲದ ವಿಷಯ ಬಿಟ್ಟರೆ, ಸಾವಕಾರನ ಕಾಟಕ್ಕೆ ಹೋದವನೂ ಮೈಗಟ್ಟಿಯಾಗಿ ಹೋದವನೂ ಹಾಳೆಯ ಮೇಲೆ ಒಬ್ಬನೇ ಆಗುತ್ತಾರೆ. ಎರಡನೆಯದು ಇನ್ನೂ ಕಠಿಣ. ಪ್ರತಿಯೊಂದು ಬಗೆಯ ಜನರಲ್ಲಿ ಯಾರಾದರೂ ಒಬ್ಬರು ಉಳಿದಿರಬೇಕು. ನಮ್ಮ ಕಡೆಯ ಕೆಲವು ತಾಂಡಾಗಳಲ್ಲಿ ಬೇಸಿಗೆಗೆ ಬಾಗಿಲಿಗೆ ಕೀಲಿ, ಕಟ್ಟೆಗೆ ಮುದುಕರು. ಇಪ್ಪತ್ತೈದರ ಗಂಡಸು ಒಬ್ಬನೂ ಇಲ್ಲ. ಯಾರ ಮೇಲೆ ತೂಕ ಹೇರುವುದು? ಅರವತ್ತರ ಮುದುಕನನ್ನು ಇಪ್ಪತ್ತೈದರವನ ಬದಲಿಗೆ ಎಣಿಸಲಾಗದು. ಕಂಪ್ಯೂಟರ್ ಆಗಲೂ ಒಂದು ಉತ್ತರ ಕೊಡುತ್ತದೆ, ಅದು ಗದರುವುದಿಲ್ಲ. ಒಬ್ಬಿಬ್ಬರ ಮೇಲೆ ನಲವತ್ತು, ಐವತ್ತರ ತೂಕ ಬಿದ್ದಿರುತ್ತದೆ, ಇಡೀ ಜಿಲ್ಲೆಯ ಫಲಿತಾಂಶ ಆ ಒಬ್ಬಿಬ್ಬರ ಉಸಿರಿನ ಮೇಲೆ ನಿಂತಿರುತ್ತದೆ.

ಗಣಿತದ ಬದಲು ಕಾಲು ಸವೆಸಿದವರೂ ಇದ್ದಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಲ್ಲಿ ಕ್ಯಾನ್ಸರ್ ನೋಂದಣಿ ಶುರುವಾಯಿತು. ಅಲ್ಲಿ ಎ. ನಂದಕುಮಾರ್ ಮತ್ತು ಜೊತೆಗಾರರು 1982ರಿಂದ 1989ರ ನಡುವೆ ಗುರುತಿಸಿದ ಗರ್ಭಕೊರಳಿನ ಕ್ಯಾನ್ಸರಿನ ಮಹಿಳೆಯರು ಎಷ್ಟು ಕಾಲ ಬದುಕಿದರು ಎಂದು ನೋಡಹೊರಟಾಗ ಬರೀ ಆಸ್ಪತ್ರೆಯ ಕಡತ ಸಾಲಲಿಲ್ಲ. ಮತ್ತೆ ಬರದವರನ್ನು ಹುಡುಕಿಕೊಂಡು ಅವರವರ ಮನೆಗೇ ಜನರನ್ನು ಕಳಿಸಿದರು. ಸತ್ತವರ ಮನೆಯವರು ಆಸ್ಪತ್ರೆಗೆ ಬಂದು ಸಾವನ್ನು ವರದಿ ಮಾಡುವುದಿಲ್ಲ. ಹುಡುಕದೆ ಬಿಟ್ಟರೆ ಸತ್ತವರು 'ಬಿಟ್ಟುಹೋದವರು' ಆಗುತ್ತಾರೆ, ಬದುಕಿನ ಗೆರೆ ಇದ್ದದ್ದಕ್ಕಿಂತ ಮೇಲೆ ನಿಲ್ಲುತ್ತದೆ. ಯಾದಗಿರಿಯ ಕ್ಷಯದಲ್ಲಿ ಬಿಟ್ಟುಹೋದವರು ಗಟ್ಟಿಗರು, ಬೆಂಗಳೂರಿನ ಕ್ಯಾನ್ಸರಿನಲ್ಲಿ ಬಿಟ್ಟುಹೋದವರು ಬಹಳಷ್ಟು ಸತ್ತವರು. ಎರಡಕ್ಕೂ ಒಂದೇ ಸೂತ್ರ ಹಚ್ಚಿದರೆ ಒಂದರಲ್ಲಿ ಮೇಲಕ್ಕೆ, ಇನ್ನೊಂದರಲ್ಲಿ ಕೆಳಕ್ಕೆ ಜಾರುತ್ತೇವೆ.

ಇನ್ನೊಂದು ಗಂಟು ತೂಕದ್ದು, ಮೈತೂಕದ್ದು. ಆಗ ದವಾಖಾನಿಯಲ್ಲಿ ರೋಗಿಯನ್ನು ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದುದು ಯಾವಾಗಲೋ ಒಮ್ಮೆ. 'ಉಣ್ಣು, ಚೆಂದಾಗಿ ಉಣ್ಣು' ಎಂದು ಹೇಳಿ ಕಳಿಸುತ್ತಿದ್ದರು. ಏನು ಉಣ್ಣಬೇಕು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಈಗ ತಿಂಗಳಿಗೊಮ್ಮೆ ತೂಕ ನೋಡುತ್ತಾರೆ, 2018ರಿಂದ ಕ್ಷಯರೋಗಿಯ ಖಾತೆಗೆ ಊಟಕ್ಕೆಂದು ತಿಂಗಳಿಗೆ 500 ರೂಪಾಯಿ ಬರತೊಡಗಿತು, ಈಚೆಗೆ ಅದು 1000 ಆಗಿದೆ. ಊಟ ನಿಜವಾಗಿ ಜೀವ ಉಳಿಸುತ್ತದೆಯೇ? ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಜೊತೆಗಾರರು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಇದನ್ನು ಪರೀಕ್ಷಿಸಿದರು. 2023ರಲ್ಲಿ ಬಂದ ಅದರ ಫಲಿತಾಂಶವನ್ನು ಎರಡು ಭಾಗ ಮಾಡಿ ಓದಬೇಕು.

ಒಂದು ಭಾಗ ರೋಗಿಯ ಮನೆಯವರದು. 2800 ರೋಗಿಗಳ ಹತ್ತು ಸಾವಿರಕ್ಕೂ ಹೆಚ್ಚು ಮನೆಮಂದಿಯನ್ನು ಚೀಟಿಯ ಮೇಲೆ ವಿಂಗಡಿಸಿ, ಒಂದು ಪಾಲಿನ ಮನೆಗಳಿಗೆ ಅಕ್ಕಿ, ಬೇಳೆ, ಸೂಕ್ಷ್ಮ ಪೋಷಕಾಂಶದ ಗುಳಿಗಿ ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಇಲ್ಲಿ ಕಾರಣದ ಮಾತನ್ನು ಧೈರ್ಯವಾಗಿ ಆಡಬಹುದು, ಯಾರಿಗೆ ಬೇಳೆ ಸಿಗಬೇಕೆಂದು ಗೊತ್ತುಮಾಡಿದ್ದು ಚೀಟಿ. ಇನ್ನೊಂದು ಭಾಗ ರೋಗಿಗಳದು. ಅವರಿಗೆಲ್ಲರಿಗೂ ಆಹಾರ ಸಿಕ್ಕಿತ್ತು. ಮೊದಲ ಎರಡು ತಿಂಗಳಲ್ಲಿ ಮೈತೂಕ ಶೇಕಡಾ 5ರಷ್ಟು ಏರಿದವರಲ್ಲಿ ಸಾವಿನ ವೇಗ ಶೇಕಡಾ 61ರಷ್ಟು ಕಡಿಮೆ ಇತ್ತು. ಪತ್ರಿಕೆಗಳು ಎರಡನ್ನೂ ಒಂದೇ ಉಸಿರಿನಲ್ಲಿ ಬರೆದವು. ಎರಡನೆಯದರಲ್ಲಿ ತೂಕವನ್ನು ಯಾರೂ ಚೀಟಿ ಎತ್ತಿ ಹಂಚಿರಲಿಲ್ಲ. ಸಾವಿನ ಕಡೆ ಹೊರಟಿದ್ದ ದೇಹಕ್ಕೆ ತೂಕ ಹಿಡಿಯುವುದಿಲ್ಲ, ಎಷ್ಟು ಉಣ್ಣಿಸಿದರೂ. ತೂಕ ಏರಿದ್ದು ಉಳಿದದ್ದರ ಕಾರಣವೂ ಇರಬಹುದು, ಉಳಿಯುವವರ ಗುರುತೂ ಇರಬಹುದು. ಎಲ್ಲರಿಗೂ ಊಟ ಕೊಡುವುದು ಸರಿಯೆಂಬುದರಲ್ಲಿ ನನಗೆ ಸಂಶಯವಿಲ್ಲ. ಈ 61ನ್ನು ಊಟದ ಲೆಕ್ಕಕ್ಕೆ ಪೂರ್ತಿ ಬರೆಯಲು ಮಾತ್ರ ನಾನು ಸಿದ್ಧನಿಲ್ಲ.

ಕಷ್ಟ ಇನ್ನೂ ಮುಂದೆ ಹೋಗುತ್ತದೆ. ಈ ತಿಂಗಳ ಗುಳಿಗಿ ಮುಂದಿನ ತಿಂಗಳ ತೂಕವನ್ನು ಏರಿಸುತ್ತದೆ. ತೂಕ ಏರಿದವ ಗುಣವಾಯಿತೆಂದು ಗುಳಿಗಿ ಬಿಡುತ್ತಾನೆ, ಇಳಿದವನಿಗೆ ಡಾಕ್ಟರು ಔಷಧಿ ಬದಲಿಸುತ್ತಾರೆ. ಹೀಗೆ ತೂಕವು ಗುಳಿಗಿಯ ಫಲವೂ ಹೌದು, ಮುಂದಿನ ಗುಳಿಗಿಯ ಕಾರಣವೂ ಹೌದು. ತೂಕವನ್ನು ಕಾಕ್ಸ್ ಸೂತ್ರಕ್ಕೆ ಸೇರಿಸಿದರೆ ಗುಳಿಗಿಯ ಒಳ್ಳೆಯದರಲ್ಲಿ ಒಂದು ಪಾಲನ್ನು ನಾವೇ ಅಳಿಸಿ ಹಾಕುತ್ತೇವೆ. ಸೇರಿಸದಿದ್ದರೆ ಗಟ್ಟಿಗರು ಬಿಟ್ಟದ್ದನ್ನೂ ಸೋತವರು ಬಿಟ್ಟದ್ದನ್ನೂ ಕಲಸುತ್ತೇವೆ. ಸೇರಿಸಿದರೂ ತಪ್ಪು, ಬಿಟ್ಟರೂ ತಪ್ಪು ಎಂಬ ಈ ಬಿಕ್ಕಟ್ಟನ್ನು 1986ರಲ್ಲಿ ರಾಬಿನ್ಸ್ ಬಿಡಿಸಿ ಬರೆದರು. ಅವರ ಬರಹ ಓದಿದವರು ಆಗ ಬಹಳ ಕಡಿಮೆ. ಗುಳೆ ಹೋದವರ ಬದಲು ಉಳಿದವರಿಗೆ ತೂಕ ಹಾಕಿದ ಹಾಗೆಯೇ, ಗುಳಿಗಿ ತಿಂದವರಿಗೂ ಬಿಟ್ಟವರಿಗೂ ತಿಂಗಳು ತಿಂಗಳು ತೂಕ ಹಾಕುವ ರೀತಿಯನ್ನು ಅವರೂ ಮಿಗೆಲ್ ಹೆರ್ನಾನ್, ಬ್ಯಾಬೆಟ್ ಬ್ರಂಬ್ಯಾಕ್ ಅವರೂ 2000ದಲ್ಲಿ ಕೊಟ್ಟ ಮೇಲೆ ವಿಷಯ ಹರಡಿತು.

ಹೆರ್ನಾನ್ 2010ರಲ್ಲಿ ಇನ್ನೊಂದು ಎಚ್ಚರಿಕೆ ಕೊಟ್ಟರು. ಅದು ನಮ್ಮ ಕಡೆಯ ರೈತನಿಗೆ ಬೇಗ ತಿಳಿಯುತ್ತದೆ. ತೊಗರಿಗೆ ನೆಟೆ ರೋಗ ಬಿದ್ದ ಹೊಲದಲ್ಲಿ ಮೊದಲ ತಿಂಗಳಲ್ಲೇ ಎಳಸು ಗಿಡಗಳೆಲ್ಲ ಒಣಗುತ್ತವೆ, ಆಮೇಲೆ ನಿಂತವು ತಳಿಯಲ್ಲೇ ಗಟ್ಟಿಯವು. ಔಷಧಿ ಹೊಡೆದ ಹೊಲದಲ್ಲಿ ಎಳಸೂ ಗಟ್ಟಿಯೂ ಎರಡೂ ಉಳಿದಿರುತ್ತವೆ. ಮೂರನೇ ತಿಂಗಳಲ್ಲಿ ಬರೀ ಆ ತಿಂಗಳ ಸಾವನ್ನು ಎಣಿಸಿದರೆ ಔಷಧಿ ಹೊಡೆದ ಹೊಲವೇ ಕೆಟ್ಟದ್ದಾಗಿ ಕಾಣಬಹುದು. ಕಾಕ್ಸ್ ಸೂತ್ರದ ಸಾವಿನ ವೇಗ ಯಾವಾಗಲೂ ಅಲ್ಲಿಯವರೆಗೆ ಉಳಿದವರ ನಡುವಿನ ಹೋಲಿಕೆ. ಎರಡು ಕಡೆ ಉಳಿದವರು ಒಂದೇ ತೆರದ ಜನರಾಗಿರುವುದಿಲ್ಲ. ಅದಕ್ಕೇ ಈಗ ಎಷ್ಟು ಪಟ್ಟು ಎನ್ನುವುದರ ಜೊತೆಗೆ, ಎರಡು ವರ್ಷದ ಕೊನೆಗೆ ನೂರರಲ್ಲಿ ಎಷ್ಟು ಜನ ಬದುಕಿದ್ದರು ಎಂದು ಮೊದಲ ದಿನದಿಂದ ಎಣಿಸಿ ಹೇಳಬೇಕೆಂದು ಕೇಳುತ್ತಾರೆ. ಮುಂಚೆ ನಾವು ಬರೀ ಒಂದು ಪಟ್ಟು ಬರೆದು ವರದಿ ಮುಗಿಸುತ್ತಿದ್ದೆವು.

ಈಗ ಯಾದಗಿರಿ ಜಿಲ್ಲೆಯಾಗಿ ವರ್ಷಗಳಾದವು, ಅಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. 2012ರಿಂದ ನೋಂದಣಿಯಾದ ಕ್ಷಯರೋಗಿಗಳ ಹೆಸರು ನಿಕ್ಷಯ್ ಎಂಬ ದೇಶದ ಒಂದೇ ಕಂಪ್ಯೂಟರ್ ಕಡತದಲ್ಲಿದೆ. ಚಿಕಿತ್ಸೆ ಆರು ತಿಂಗಳಿಗೆ ಇಳಿದಿದೆ. ನನ್ನ ಜೊತೆ ಕೆಲಸ ಮಾಡುವ ಹುಡುಗ ಹುಡುಗಿಯರು ನಾನು ವಾರಗಟ್ಟಲೆ ಹಾಳೆಯ ಮೇಲೆ ಮಾಡುತ್ತಿದ್ದುದನ್ನು ಲ್ಯಾಪ್‌ಟಾಪಿನಲ್ಲಿ ಐದಾರು ಸಾಲಿನಲ್ಲಿ ಮುಗಿಸುತ್ತಾರೆ. ರಾಬಿನ್ಸ್ ಅವರ ತೂಕಗಳಿಗೆ ಸಿದ್ಧ ಪ್ಯಾಕೇಜುಗಳಿವೆ. 2016ರ ಹೊತ್ತಿಗೆ ಹೆರ್ನಾನ್ ಮತ್ತು ರಾಬಿನ್ಸ್ ಒಂದು ಒಳ್ಳೆಯ ಶಿಸ್ತನ್ನೂ ಕಲಿಸಿಕೊಟ್ಟರು. ಕಡತ ಮುಟ್ಟುವ ಮೊದಲು, ಚೀಟಿ ಎತ್ತುವ ಪ್ರಯೋಗ ಮಾಡಲು ಸಾಧ್ಯವಿದ್ದರೆ ಹೇಗೆ ಮಾಡುತ್ತಿದ್ದೆ ಎಂದು ಬರೆಯಿರಿ. ಯಾರನ್ನು ಸೇರಿಸುತ್ತೀರಿ, ಏನನ್ನು ಕೊಡುತ್ತೀರಿ, ಯಾವ ದಿನದಿಂದ ಎಣಿಸುತ್ತೀರಿ, ಎಲ್ಲಿಯವರೆಗೆ. ಆಮೇಲೆ ಕಡತವನ್ನು ಅದಕ್ಕೆ ಹೊಂದಿಸಿ. ಆ ಒಂದು ಹಾಳೆ ಬರೆದಿಟ್ಟರೆ ಕಾಯುತ್ತ ಸತ್ತವರನ್ನು ತಪ್ಪು ಗುಂಪಿಗೆ ಹಾಕುವುದು ಬಹುಮಟ್ಟಿಗೆ ನಿಲ್ಲುತ್ತದೆ.

ಬದಲಾಗದ್ದು ರಿಜಿಸ್ಟರಿನ ಒಂದು ಅಂಕಣ. ಕಂಪ್ಯೂಟರಿನ ಪರದೆಯಲ್ಲಿ ಚಿಕಿತ್ಸೆಯ ಫಲಿತಾಂಶಕ್ಕೆ ಪಟ್ಟಿಯಿದೆ. ಗುಣ, ಪೂರ್ಣ, ಸಾವು, ವಿಫಲ, ಬಿಟ್ಟುಹೋದವರು. ಬಿಟ್ಟುಹೋದದ್ದು ಯಾಕೆ, ಎಲ್ಲಿಗೆ, ಹೋಗುವಾಗ ಮೈ ಹೇಗಿತ್ತು ಎಂದು ಕೇಳಿದರೆ ಊರೂರು ಸುತ್ತುವ ಆರೋಗ್ಯ ಕಾರ್ಯಕರ್ತನಿಗೆ ಗೊತ್ತು. 'ಅವ ಏನ್ ಆರಾಮ ಆಗ್ಯಾನ್ರಿ ಸರ, ಬೆಂಗಳೂರಾಗ ಸೆಂಟ್ರಿಂಗ್ ಹಾಕ್ಲಿಕ್ಹತ್ಯಾನ' ಎಂದು ಬಾಯಲ್ಲಿ ಹೇಳುತ್ತಾನೆ. ಅದು ಕಡತಕ್ಕೆ ಇಳಿಯುವುದಿಲ್ಲ. ಇಳಿದರೂ ಇಂತಿಷ್ಟೇ ಎಂಬ ಗುರಿ ತಪ್ಪಿದ್ದಕ್ಕೆ ಅವನೇ ಬೈಸಿಕೊಳ್ಳಬೇಕಾಗುತ್ತದೆ. ಹಾಗಾಗಿ ಕಾರಣ ಬರೆಯದಿರುವುದೇ ಅವನಿಗೆ ಕ್ಷೇಮ. ರಾಬಿನ್ಸ್ ಅವರ ಇಡೀ ಕಟ್ಟಡಕ್ಕೆ ಬೇಕಾದ ಇಟ್ಟಿಗೆ ಅವನ ಬಾಯಲ್ಲಿದೆ, ನಮ್ಮ ಕೈಯಲ್ಲಿಲ್ಲ.

ಯಾವ ಮಾಡೆಲ್ ಹಾಕೋಣ ಸರ್ ಎಂದು ಹೊಸಬರು ಕೇಳುತ್ತಾರೆ. ಮೊದಲು ಬಿಟ್ಟುಹೋದವರ ಪಟ್ಟಿ ತೆಗೆಯಿರಿ, ಅದರಲ್ಲಿ ಒಂದು ಭಾಗವನ್ನು ಚೀಟಿ ಎತ್ತಿ ಆರಿಸಿ, ಅವರನ್ನು ಬೆಂಗಳೂರಿನ ಶೆಡ್ಡುಗಳ ತನಕ ಹೋಗಿ ಹುಡುಕಿಸಿ ಎನ್ನುತ್ತೇನೆ. ನಂದಕುಮಾರ್ ಅವರ ಕಾಲದ ಕೆಲಸ ಅದು, ಈಗ ಫೋನಿನಿಂದ ಅರ್ಧ ಆಗುತ್ತದೆ. ಹಾಗೆ ಸಿಕ್ಕ ಕೆಲವರೇ ಸಾಕು, ಉಳಿದವರಿಗೆ ಹಾಕಿದ ತೂಕ ಸರಿಯೋ ತಪ್ಪೋ ಎಂದು ಹೇಳಲು. ಇದಕ್ಕೆ ಬೇಕಾದದ್ದು ಇಬ್ಬರು ಕಾರ್ಯಕರ್ತರ ಒಂದಷ್ಟು ತಿಂಗಳ ಸಂಬಳ, ಬಸ್ ಚಾರ್ಜು, ಕಾರಣ ಬರೆದವನನ್ನು ಬೈಯದ ಒಬ್ಬ ಅಧಿಕಾರಿ. ಹಣ ಕೊಡುವವರು ಸಾಫ್ಟ್‌ವೇರಿಗೆ ಬೇಗ ಒಪ್ಪುತ್ತಾರೆ, ಬಸ್ ಚಾರ್ಜಿಗೆ ಹತ್ತು ಸಲ ಕೇಳುತ್ತಾರೆ. ಆ ಕೇಳಿಕೆಗೆ ಉತ್ತರ ಬರೆಯುವುದೇ ಈಗ ನನ್ನ ಕೆಲಸದಲ್ಲಿ ಹೆಚ್ಚಿನ ಪಾಲು.